ಮೊದಲು ಕರಿ, ಆಮೇಲೆ ನೀಲಿ, ಕಡೆಗೆ ಕೆಂಪು

1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರ್ವಿಚ್ ಹತ್ತಿರ, ಥಾರ್ಪ್ ಎಂಬಲ್ಲಿ, ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದುರಾಗಿ ಬಂದು ಗುದ್ದಿಕೊಂಡವು. 25 ಜನ ಸತ್ತರು. ಲಂಡನ್ನಿನಿಂದ ಬರಬೇಕಿದ್ದ ಎಕ್ಸ್‌ಪ್ರೆಸ್ ಅವತ್ತು ತಡವಾಗಿತ್ತು. ಅದಕ್ಕೆ ಕಾಯುವ ಬದಲು ಆಚೆ ಬ್ರಂಡಲ್ ಸ್ಟೇಷನ್ನಿನಲ್ಲಿ ನಿಂತಿರುವ ಮೇಲ್ ಗಾಡಿಯನ್ನೇ ಮೊದಲು ಕರೆಸಿಕೊಂಡರಾಯಿತು ಎಂದು ನಾರ್ವಿಚ್‌ನ ರಾತ್ರಿ ಪಾಳಿಯ ಇನ್ಸ್‌ಪೆಕ್ಟರ್ ಕೂಪರ್ ತಂತಿ ಗುಮಾಸ್ತನಿಗೆ ಹೇಳಿದ. ಸಂದೇಶದ ಕಾಗದಕ್ಕೆ ಇನ್ಸ್‌ಪೆಕ್ಟರ್ ಸಹಿ ಬೀಳಬೇಕು, ಆಮೇಲೆ ತಂತಿ ಹೋಗಬೇಕು, ಅದು ನಿಯಮ. ಗುಮಾಸ್ತ ರಾಬ್ಸನ್ ಸಹಿಗೆ ಕಾಯಲಿಲ್ಲ, ಕಳಿಸಿಬಿಟ್ಟ. ಅಷ್ಟೊತ್ತಿಗೆ ಎಕ್ಸ್‌ಪ್ರೆಸ್ ಬಂದೇ ಬಂತು. ಸಹಿ ಹಾಕದ ತಂತಿ ಆಗಲೇ ಬ್ರಂಡಲ್ ಮುಟ್ಟಿದೆ ಎಂಬುದು ತಲೆಯಲ್ಲಿಲ್ಲದ ಕೂಪರ್ ಎಕ್ಸ್‌ಪ್ರೆಸ್ಸನ್ನು ಮುಂದಕ್ಕೆ ಬಿಟ್ಟ. ತಪ್ಪು ಗೊತ್ತಾಗಿ, ಮೇಲ್ ನಿಲ್ಲಿಸಿ ಎಂದು ತಂತಿ ಹೊಡೆಸಿದಾಗ ಬ್ರಂಡಲ್‌ನಿಂದ ಉತ್ತರ ಬಂತು: ಮೇಲ್ ಹೊರಟಾಗಿದೆ.

ಕಂಪ್ಯೂಟರಿನ ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಒಳಗಿನ ಕೋಡು, ಅದರ ಮೇಲೆ ಕೆಲಸ ಮಾಡುವ ನನ್ನಂಥವರಿಗೆ ಈ ಕಥೆಯಲ್ಲಿ ಕೂಡಲೇ ಗುರುತು ಹತ್ತುತ್ತದೆ. ಇಲ್ಲಿ ಬರಹ ಎರಡು, ಒಂದು ಸಹಿ, ಒಂದು ತಂತಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಪುಸ್ತಕದಲ್ಲಿ ಅಚ್ಚಾಗಿದೆ. ಆದರೆ ಪುಸ್ತಕದಲ್ಲಿರುವುದು ಬ್ರಂಡಲ್‌ನಲ್ಲಿ ಕೂತವನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ತಂತಿ ಮಾತ್ರ. ಮೊದಲು ಆಗಬೇಕಾದದ್ದು ಆಗುವುದರೊಳಗೆ ಆಮೇಲಿನದು ಅವನ ಕಣ್ಣಿಗೆ ಬಿದ್ದಿತ್ತು.

ಥಾರ್ಪ್ ಅಪಘಾತದ ಮರುತಿಂಗಳೇ, 1874ರ ಅಕ್ಟೋಬರ್‌ನಲ್ಲಿ, ಕಲಬುರಗಿ ಕಡೆಯ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ಹಳಿ ತೆರೆಯಿತು. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್ ದಾಟಿ ರಾಯಚೂರಿಗೆ ಹೋಗುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲೇ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತ್ತು. ನಿಜಾಮನ ರಾಜ್ಯದ ನಡುವೆಯೇ ಹಾಯ್ದರೂ ಅದು ಹೈದರಾಬಾದನ್ನು ಮುಟ್ಟುತ್ತಿರಲಿಲ್ಲ. ದಿವಾನ ಸಾಲಾರ್ ಜಂಗ್ ಕಾಲದಲ್ಲಿ ನಿಜಾಮನ ದುಡ್ಡಿನಲ್ಲಿ ವಾಡಿಯಿಂದ ಪೂರ್ವಕ್ಕೆ ಒಂದು ಕವಲು ಒಡೆಯಿತು. ಅದು ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರಿನ ಮೇಲೆ ಸಿಕಂದರಾಬಾದ್ ಸೇರಿತು. ಅಮೋಘವರ್ಷನ ರಾಜಧಾನಿಯಾಗಿದ್ದ ಊರು ರೈಲಿನವರ ಬಾಯಲ್ಲಿ ಬರೀ ‘ಮಳಖೇಡ ರೋಡ್’ ಆಯಿತು. ಚಿಂಚೋಳಿಗೆ ಹಳಿ ಬರಲೇ ಇಲ್ಲ. ನನ್ನ ತಾಯಿಯ ತವರು ಅಲ್ಲೇ. ಅಲ್ಲಿನವರು ಇವತ್ತಿಗೂ ರೈಲು ಬೇಕೆಂದರೆ ಬಸ್ ಹಿಡಿದು ತಾಂಡೂರಿಗೋ ಸೇಡಂಗೋ ಬರಬೇಕು.

ಹೀಗೆ ವಾಡಿ ಜಂಕ್ಷನ್ ಆಯಿತು. ಊರೆಂದು ಹೇಳಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ, ಹಳಿ ಬಂದ ಮೇಲೆ ಊರು ಬಂತು. 1968ರಲ್ಲಿ ಎಸಿಸಿ ಸಿಮೆಂಟ್ ಫ್ಯಾಕ್ಟರಿ ಬರುವವರೆಗೂ ಅದು ಪಕ್ಕಾ ರೈಲ್ವೆ ಜನರ ಊರು. ಜಂಕ್ಷನ್ ಎಂದರೆ ಒಬ್ಬರ ಗಾಡಿ ಇನ್ನೊಬ್ಬರ ಹಳಿಗೆ ಇಳಿಯುವ ಜಾಗ. ಅಲ್ಲಿ ಬಹುಕಾಲ ಒಬ್ಬರಿಗಿಂತ ಹೆಚ್ಚು ಯಜಮಾನರಿದ್ದರು: ಮೊದಲು ಪೆನಿನ್ಸುಲಾ ಕಂಪನಿ ಮತ್ತು ನಿಜಾಮನ ರೈಲ್ವೆ, 1951ರಲ್ಲಿ ಎರಡೂ ಸೆಂಟ್ರಲ್ ರೈಲ್ವೆಯಲ್ಲಿ ಸೇರಿ ಒಂದಾದವು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದ ಮೇಲೆ ಮತ್ತೆ ಹಂಚಿಕೆ. ಕಡೆಗೆ ಸೊಲ್ಲಾಪುರ, ಸಿಕಂದರಾಬಾದ್, ಗುಂತಕಲ್ ಮೂರು ಡಿವಿಷನ್ನುಗಳು ವಾಡಿಯಲ್ಲಿ ಮುಖಾಮುಖಿ ಆಗುವ ಹಾಗಾಯಿತು. ತನ್ನ ಪಾಡಿಗೆ ತಾನಿರುವ ಸ್ಟೇಷನ್ನಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇನ್ನೊಬ್ಬ ನೋಡುತ್ತಿದ್ದಾನೆ, ನೋಡಿದ್ದನ್ನು ನಂಬಿ ಗಾಡಿ ಬಿಡುತ್ತಾನೆ ಎನ್ನುವಲ್ಲಿ ಮಾತ್ರ ಕ್ರಮಕ್ಕೆ ಬೆಲೆ.

ನನ್ನಪ್ಪ ಈ ಲೈನಿನಲ್ಲಿ ಸಿಗ್ನಲ್ ಖಲಾಸಿಯಾಗಿ ಸೇರಿ ಮೇಂಟೇನರ್ ಆಗಿ ರಿಟೈರ್ ಆದವರು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ, ಎಲ್ಲ ಕಡೆ ಕ್ವಾರ್ಟರ್ಸಿನಲ್ಲಿ ನಮ್ಮ ಸಾಮಾನು ಇಳಿದಿದೆ, ಏರಿದೆ. ಅವರ ಕಾಲದ ಕ್ಯಾಬಿನ್ ಎಂದರೆ ನೆಲಕ್ಕೆ ಶಹಾಬಾದಿ ಕಲ್ಲು, ಕಿಟಕಿಯ ಉದ್ದಕ್ಕೂ ಸಾಲಾಗಿ ನಿಂತ ಲಿವರ್‌ಗಳು. ಸಿಗ್ನಲ್ಲಿನ ಲಿವರ್ ಕೆಂಪು, ಹಳಿ ಬದಲಿಸುವ ಪಾಯಿಂಟಿನದು ಕಪ್ಪು, ಪಾಯಿಂಟಿನ ಬೀಗದ್ದು ನೀಲಿ, ಖಾಲಿ ಬಿಟ್ಟಿದ್ದು ಬಿಳಿ. ಗಾಡಿಯನ್ನು ಲೂಪ್ ಲೈನಿಗೆ ತೆಗೆದುಕೊಳ್ಳಬೇಕೆಂದರೆ ಮೊದಲು ಕಪ್ಪು ಜಗ್ಗಬೇಕು, ಹಳಿಯ ನಾಲಿಗೆ ಆ ಕಡೆಯಿಂದ ಈ ಕಡೆ ಸರಿಯುತ್ತದೆ. ಆಮೇಲೆ ನೀಲಿ, ಸರಿದ ನಾಲಿಗೆ ಅಲ್ಲೇ ಬೀಗ ಬೀಳುತ್ತದೆ. ಅದೆಲ್ಲ ಆದ ಮೇಲೇ ಕೆಂಪು. ವಾಪಸ್ ಮಾಡುವಾಗ ತಿರುವುಮುರುವು: ಕೆಂಪು, ನೀಲಿ, ಕಪ್ಪು.

“ಮೊದಲ ಕರೀದು, ಆಮ್ಯಾಲ ನೀಲಿ, ಕಡೀಕ ಕೆಂಪು. ಇದು ನೆನಪಿಟ್ಟಗೊಂಡು ಮಾಡೂ ಕೆಲಸ ಅಲ್ಲ ತಮ್ಮಾ,” ಅನ್ನುತ್ತಿದ್ದರು ಅಪ್ಪ. “ನೀ ಮರ್ತರೂ ಲಿವರ್ ಮರಿಯಂಗಿಲ್ಲ. ಕರೀದು ಪೂರಾ ಬರಲಾರದ ಹತ್ತು ಮಂದಿ ಜೋತಬಿದ್ರೂ ಕೆಂಪು ಅಳ್ಳಾಡಂಗಿಲ್ಲ.”

ಅಳ್ಳಾಡದಿರುವುದಕ್ಕೆ ಕಾರಣ ಲಿವರ್‌ಗಳ ಬುಡದ ತೊಟ್ಟಿಯಲ್ಲಿತ್ತು. ಪ್ರತಿ ಲಿವರ್‌ಗೂ ಕಚ್ಚು ಕೊಯ್ದ ಒಂದು ಉಕ್ಕಿನ ಪಟ್ಟಿ, ಅದಕ್ಕೆ ಟ್ಯಾಪೆಟ್ ಎನ್ನುತ್ತಾರೆ. ಅದಕ್ಕೆ ಅಡ್ಡಲಾಗಿ ಸರಿಯುವ ತುಂಡುಗಳು, ಅವಕ್ಕೆ ಡಾಗ್ ಎಂದು ಹೆಸರು. ಕಪ್ಪು ಲಿವರ್‌ನ ಪಟ್ಟಿ ಪೂರಾ ಸರಿದಾಗ ಮಾತ್ರ ಅದರ ಕಚ್ಚು ಡಾಗ್‌ನ ಎದುರಿಗೆ ಬರುತ್ತದೆ, ಡಾಗ್ ಅದರೊಳಗೆ ಜಾರಿ ಪಕ್ಕದ ಪಟ್ಟಿಯನ್ನು ಬಿಟ್ಟುಕೊಡುತ್ತದೆ. ಮುಕ್ಕಾಲು ಜಗ್ಗಿದರೆ ಆಗುವುದಿಲ್ಲ. ಕೆಂಪು ಬಂದ ಮೇಲೆ ಕಪ್ಪನ್ನು ಹಿಂದಕ್ಕೆ ತಳ್ಳಲೂ ಆಗುವುದಿಲ್ಲ. ಗ್ರೀಸು, ಧೂಳು, ಕಲಬುರಗಿ ಬಿಸಿಲು ಮೂರೂ ಸೇರಿ ಕರ್ರಗಾಗಿದ್ದ ಆ ತೊಟ್ಟಿಯನ್ನು ಅಪ್ಪ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವಾಗ ಅದರೊಳಗಿನ ಒಂದೊಂದು ಕಚ್ಚೂ ಹೊಳೆಯುತ್ತಿತ್ತು. ಸ್ಟೇಷನ್ನಿನಲ್ಲಿ ಏನು ನಡೆಯಬಹುದು, ಏನು ನಡೆಯಕೂಡದು ಎಂಬುದೆಲ್ಲ ಅಲ್ಲಿ ಉಕ್ಕಿನಲ್ಲಿ ಕೊರೆದಿತ್ತು.

ಈ ಯಂತ್ರದ ಹುಟ್ಟಿನಲ್ಲೇ ಒಂದು ಪಾಠವಿದೆ, ಸಿಗ್ನಲ್ಲಿನವರೂ ಅದನ್ನು ಮರೆತಿದ್ದಾರೆ. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಪೇಟೆಂಟ್ ತೆಗೆದುಕೊಂಡಾಗ ಅವನ ಉಪಾಯ ಪಾಯಿಂಟ್ ಮತ್ತು ಸಿಗ್ನಲ್ಲನ್ನು ಒಟ್ಟಿಗೆ, ಒಂದೇ ಸಲಕ್ಕೆ ಸರಿಸುವುದಾಗಿತ್ತು. ಒಟ್ಟಿಗೆ ಆದರೆ ತಪ್ಪಾಗಲಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪಾಯಿಂಟ್ ಅರ್ಧ ಸರಿದು ನಿಂತರೆ ಸಿಗ್ನಲ್ಲೂ ಅರ್ಧ ಬಿದ್ದಿರುತ್ತದೆ, ಡ್ರೈವರ್ ಅದನ್ನು ಹೇಗೆ ಓದಬೇಕು? ಒಂದು ಮುಗಿದ ಮೇಲೇ ಇನ್ನೊಂದು ಶುರುವಾಗುವ ನಿಜವಾದ ಇಂಟರ್‌ಲಾಕಿಂಗ್ ಬಂದಿದ್ದು 1860ರಲ್ಲಿ, ಲಂಡನ್ನಿನ ಕೆಂಟಿಶ್ ಟೌನ್‌ನಲ್ಲಿ ಆಸ್ಟಿನ್ ಚೇಂಬರ್ಸ್ ಕೂರಿಸಿದ ಫ್ರೇಮಿನಿಂದ. ನಮ್ಮ ಕಸುಬಿನಲ್ಲೂ ಹೊಸಬರು ಇಲ್ಲೇ ಎಡವುತ್ತಾರೆ. ಒಡೆಯದೆ ಒಂದೇ ಏಟಿಗೆ ನಡೆಯುವ ಕ್ರಿಯೆಗೆ ಅಟಾಮಿಕ್ ಎನ್ನುತ್ತೇವೆ. ಅಟಾಮಿಕ್ ಅಂದ ಮೇಲೆ ಕ್ರಮವೂ ಸಿಕ್ಕಿತು ಎಂದುಕೊಳ್ಳುತ್ತಾರೆ. ಲಿನಕ್ಸಿನಲ್ಲಿ ಒಂದು ಎಣಿಕೆಯನ್ನು ಅಟಾಮಿಕ್ ಆಗಿ ಏರಿಸಿದರೆ ಆ ಎಣಿಕೆ ಕೆಡುವುದಿಲ್ಲ ಅಷ್ಟೇ. ಅದರ ಹಿಂದೆ ಮುಂದೆ ಬರೆದದ್ದು ಯಾವ ಸಾಲಿನಲ್ಲಿ ಹೊರಬೀಳುತ್ತದೆ ಎಂಬ ಖಾತ್ರಿ ಅದರಲ್ಲಿಲ್ಲ.

ಥಾರ್ಪ್ ಅಪಘಾತದ ನಾಲ್ಕು ವರ್ಷಕ್ಕೆ, 1878ರಲ್ಲಿ, ಎಡ್ವರ್ಡ್ ಟೈಯರ್ ಒಂಟಿ ಹಳಿಗೆ ಟ್ಯಾಬ್ಲೆಟ್ ಯಂತ್ರ ಮಾಡಿದ. ಎರಡು ಸ್ಟೇಷನ್ನಿನ ಎರಡು ಯಂತ್ರಗಳು ತಂತಿಯಿಂದ ಕೂಡಿಕೊಂಡಿರುತ್ತವೆ. ಎರಡರಿಂದ ಸೇರಿ ಒಂದು ಟ್ಯಾಬ್ಲೆಟ್ ಹೊರಗಿದ್ದರೆ ಇನ್ನೊಂದು ಬರುವುದಿಲ್ಲ. ಕೈಯಲ್ಲಿ ಟ್ಯಾಬ್ಲೆಟ್ ಇಲ್ಲದೆ ಡ್ರೈವರ್ ಹೊರಡುವುದಿಲ್ಲ. ನಮ್ಮ ದೇಶದಲ್ಲಿ ಅದೇ ಜಾತಿಯ ನೀಲ್ಸ್ ಬಾಲ್ ಟೋಕನ್ ಯಂತ್ರ ಮನೆಮಾತಾಯಿತು. ಉಕ್ಕಿನ ಗೋಲಾ, ಅದರ ಮೇಲೆ ಸೆಕ್ಷನ್ನಿನ ಹೆಸರು. ಪಕ್ಕದ ಸೆಕ್ಷನ್ನಿನ ಗೋಲಾ ಇಲ್ಲಿಯ ಯಂತ್ರದ ಬಾಯಿಗೆ ಹೋಗದಂತೆ ಅದರ ಕಚ್ಚೇ ಬೇರೆ. ಬೆತ್ತದ ದೊಡ್ಡ ಬಳೆಗೆ ಚರ್ಮದ ಚೀಲ, ಚೀಲದಲ್ಲಿ ಗೋಲಾ. ಓಡುವ ಇಂಜಿನ್ನಿಂದ ಒಂದು ಬಳೆ ಬಿಸಾಡಿ ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಂಡು ಹೋಗುವ ಫೈರ್‌ಮನ್ನನ್ನು ಸೇಡಂ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡುವುದು ನಮಗೆ ಸಿನಿಮಾಕ್ಕಿಂತ ಹೆಚ್ಚು.

ಗಂಟೆಯ ಭಾಷೆಯೂ ಇತ್ತು. ಪಕ್ಕದ ಸ್ಟೇಷನ್ನಿಗೆ ಒಂದು ಬಡಿತ ಎಂದರೆ ಫೋನಿಗೆ ಬಾ. ಎರಡು ಎಂದರೆ ಲೈನ್ ಕ್ಲಿಯರ್ ಉಂಟೇ? ಮೂರು, ಗಾಡಿ ನಿನ್ನ ಕಡೆ ಹೊರಟಿತು. ನಾಲ್ಕು, ಗಾಡಿ ಪೂರಾ ಬಂದು ಸೇರಿತು. ಆರು ಬಡಿದರೆ ಅಪಾಯ. ನಾಲ್ಕು ಬಡಿಯುವ ಮೊದಲು ಕಡೆಯ ಡಬ್ಬಿಯ ಹಿಂದಿನ ಗುರುತು ಕಣ್ಣಾರೆ ನೋಡಬೇಕು. ಇಂಜಿನ್ ಬಂದಿದೆ, ಅರ್ಧ ಗಾಡಿ ಹಿಂದೆ ಕಡಿದುಕೊಂಡು ನಿಂತಿದೆ ಎಂದಾಗಬಾರದಲ್ಲ.

ಇನ್ನು ನನ್ನ ಕಸುಬು. ಪ್ರೊಸೆಸರ್ ‘ಈ ಬೆಲೆಯನ್ನು ಮೆಮೊರಿಗೆ ಬರೆ’ ಎಂಬ ಆದೇಶ ನಡೆಸಿದಾಗ ಆ ಬೆಲೆ ಅದೇ ಕ್ಷಣ ಎಲ್ಲರಿಗೂ ಕಾಣುವುದಿಲ್ಲ. ಬರೆಯಬೇಕಾದ ಜಾಗದ ಪ್ರತಿ ಬೇರೊಂದು ಪ್ರೊಸೆಸರಿನ ಕ್ಯಾಶ್ ಎಂಬ ಸ್ವಂತ ಮೆಮೊರಿಯಲ್ಲಿರಬಹುದು. ಅದನ್ನು ಅಲ್ಲಿಂದ ಬಿಡಿಸಿ ತರಲು ನೂರಾರು ಸೈಕಲ್ ಹಿಡಿಯಬಹುದು. ಅಷ್ಟು ಹೊತ್ತು ಕೈಕಟ್ಟಿ ಕೂಡುವ ಬದಲು ಪ್ರೊಸೆಸರ್ ಆ ಬರಹವನ್ನು ತನ್ನದೇ ಸ್ಟೋರ್ ಬಫರ್‌ನಲ್ಲಿ ಹಾಕಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತದೆ. ಮುಂದಿನ ಬರಹದ ಜಾಗ ಆಗಲೇ ಅದರ ಕೈಯಲ್ಲಿದ್ದರೆ ಅದು ಮೊದಲಿನದಕ್ಕಿಂತ ಮುಂಚೆಯೇ ಹೊರಬೀಳಬಹುದು. ಬರೆದವನಿಗೆ ಏನೂ ಗೊತ್ತಾಗುವುದಿಲ್ಲ. ತನ್ನ ಬಫರನ್ನು ತಾನು ನೋಡಿಕೊಳ್ಳುವುದರಿಂದ ಅವನ ಲೆಕ್ಕ ಸರಿಯಾಗಿಯೇ ಇರುತ್ತದೆ. ತೊಂದರೆ ಆಗುವುದು ಪಕ್ಕದವನಿಗೆ. ಮೊದಲು ಮಾಹಿತಿ, ಆಮೇಲೆ ‘ಸಿದ್ಧ’ ಎಂಬ ಬಾವುಟ ಎಂದು ಕೋಡಿನಲ್ಲಿ ಬರೆದಿದ್ದರೂ ಪಕ್ಕದ ಪ್ರೊಸೆಸರಿಗೆ ಬಾವುಟ ಮೊದಲು ಕಾಣುತ್ತದೆ. ಅದನ್ನು ನಂಬಿ ಹೋದರೆ ಅಲ್ಲಿ ಹಳೆಯ ಕಸ.

ಎಲ್ಲ ಪ್ರೊಸೆಸರುಗಳ ಕೆಲಸವನ್ನೂ ಒಂದೇ ಸಾಲಿನಲ್ಲಿ ಜೋಡಿಸಿದ ಹಾಗೆ ಫಲ ಬರಬೇಕು, ಆ ಸಾಲಿನಲ್ಲಿ ಪ್ರತಿಯೊಬ್ಬರ ಕೆಲಸವೂ ಅವರವರ ಪ್ರೋಗ್ರಾಮಿನ ಕ್ರಮದಲ್ಲೇ ಇರಬೇಕು ಎಂದು ಲೆಸ್ಲಿ ಲ್ಯಾಂಪೋರ್ಟ್ 1979ರಲ್ಲಿ ಎರಡೇ ಪುಟದಲ್ಲಿ ಬರೆದಿಟ್ಟರು. ಯಂತ್ರ ಮಾಡುವವರು ಗೌರವದಿಂದ ಓದಿದರು, ಪಾಲಿಸಲಿಲ್ಲ. ಪಾಲಿಸಿದರೆ ಯಂತ್ರ ನಿಧಾನವಾಗುತ್ತದೆ. ಒಬ್ಬೊಬ್ಬರು ಒಂದೊಂದು ರಿಯಾಯಿತಿ ತೆಗೆದುಕೊಂಡರು. ಇಂಟೆಲ್ ಜಾತಿಯವು ತಮ್ಮ ಬರಹಗಳನ್ನು ಬರೆದ ಸಾಲಿನಲ್ಲೇ ಹೊರಬಿಡುತ್ತವೆ. ಆದರೆ ಒಂದು ಬರಹ ಬಫರ್‌ನಲ್ಲಿ ಕೂತಿರುವಾಗಲೇ ಅದರ ನಂತರದ ಓದು ನಡೆದುಹೋಗಬಹುದು. ಐಬಿಎಂನ ಪವರ್ ಮತ್ತು ನಮ್ಮ ಫೋನುಗಳಲ್ಲಿರುವ ಆರ್ಮ್ ಎರಡೂ ಕೇಳದಿದ್ದರೆ ಯಾವ ಕ್ರಮವನ್ನೂ ಇಟ್ಟುಕೊಳ್ಳುವುದಿಲ್ಲ ಎಂದೇ ಹೇಳಬೇಕು. ಇವೆಲ್ಲವನ್ನೂ ಮೀರಿಸಿದ್ದು 1992ರಲ್ಲಿ ಬಂದ ಡಿಇಸಿ ಕಂಪನಿಯ ಆಲ್ಫಾ. ಒಂದು ವಿಳಾಸ ಓದಿ, ಆ ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ಓದಿದರೂ, ವಿಳಾಸ ಹೊಸದು, ಅಲ್ಲಿ ಸಿಕ್ಕಿದ್ದು ಹಳೆಯದು ಎಂದಾಗಲು ಅದರ ನಿಯಮಾವಳಿ ಬಿಟ್ಟಿತ್ತು.

ಕೇಳಿದರೆ ಕೊಡುತ್ತವೆ, ಅದಕ್ಕೇ ಮೆಮೊರಿ ಬ್ಯಾರಿಯರ್ ಇರುವುದು. ಇದರ ಮೊದಲಿನವು ಆದ ಮೇಲೇ ಇದರ ನಂತರದವು ಎಂದು ಪ್ರೊಸೆಸರಿಗೆ ಹೇಳುವ ಒಂದು ಆದೇಶ. ಬ್ಯಾರಿಯರ್ ಹಾಕಿದಲ್ಲಿ ಯಂತ್ರ ಕಾಯುತ್ತದೆ, ಹಾಕದಿದ್ದಲ್ಲಿ ಓಡುತ್ತದೆ. ಎಲ್ಲೆಲ್ಲೂ ಹಾಕಿದರೆ ಹೊಸ ಯಂತ್ರ ಕೊಂಡ ದುಡ್ಡು ದಂಡ. 1999ರ ಕೊನೆಯಲ್ಲಿ ಲಿನಕ್ಸ್ ಕರ್ನೆಲ್ ಬರೆಯುವವರ ನಡುವೆ ಇದರ ಮೇಲೆ ಒಂದು ಜೋರು ಜಗಳ ನಡೆಯಿತು. ಒಮ್ಮೆಗೆ ಒಬ್ಬರೇ ಮುಟ್ಟಲೆಂದು ಕೋಡು ಮಾಹಿತಿಗೆ ಹಾಕುವ ಬೀಗವನ್ನು ಇಂಟೆಲ್ ಯಂತ್ರದಲ್ಲಿ ತೆಗೆಯಲು ದುಬಾರಿ ಆದೇಶ ಬೇಡ, ಸಾದಾ ಬರಹ ಸಾಕು, 22 ಟಿಕ್‌ನ ಕೆಲಸ 1 ಟಿಕ್‌ಗೆ ಇಳಿಯುತ್ತದೆ ಎಂದು ಒಬ್ಬರು ತೋರಿಸಿದರು. ಅದು ಕೆಲಸ ಮಾಡಲಾರದು ಎಂದು ಲೈನಸ್ ಟೊರ್ವಾಲ್ಡ್ಸ್ ಪಟ್ಟು ಹಿಡಿದರು. ಕಡೆಗೆ ಇಂಟೆಲ್‌ನ ಒಬ್ಬ ಎಂಜಿನಿಯರ್ ಬಂದು, ನಮ್ಮ ಯಂತ್ರ ಆ ಕ್ರಮ ಕಾಯುತ್ತದೆ ಎಂದು ವಿವರಿಸಿದ ಮೇಲೆ ಒಪ್ಪಿಕೊಂಡರು. ಯಂತ್ರ ಯಾವ ಕ್ರಮಕ್ಕೆ ಜವಾಬ್ದಾರಿ ಹೊತ್ತಿದೆ ಎಂಬುದು ಅದರ ಮೇಲೆ ದಿನವೂ ಬರೆಯುವವರಿಗೇ ಖಚಿತವಿರಲಿಲ್ಲ! ರೈಲ್ವೆಯಲ್ಲಿ ಇಂಥದಕ್ಕೆ ಲಾಕಿಂಗ್ ಟೇಬಲ್ ಎಂಬ ಕಾಗದವಾದರೂ ಇರುತ್ತದೆ: ಯಾವ ಲಿವರ್ ಯಾವುದನ್ನು ಕಟ್ಟಿಹಾಕುತ್ತದೆ, ಯಾವುದನ್ನು ಬಿಡುತ್ತದೆ, ಎಲ್ಲ ಅದರಲ್ಲಿ. ಕರ್ನೆಲ್‌ಗೆ ಅದಕ್ಕೆ ಸಮನಾದ ಕಾಗದ 2006ರಲ್ಲಿ ಬಂತು, ಡೇವಿಡ್ ಹೋವೆಲ್ಸ್ ಬರೆದದ್ದು.

ಈ ಬ್ಯಾರಿಯರ್ ಎಂದರೇನು ಎಂದು ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳುತ್ತಿದ್ದೆ. ಅರ್ಧ ಕೇಳಿ ಅವರು ಕೇಳಿದ್ದು ಒಂದೇ: “ಹಂಗಾದ್ರ ಕಾಯೋರು ಯಾರು?”

ಮೇಂಟೇನರ್ ಆಗಿದ್ದವರ ಪ್ರಶ್ನೆ ಅದು. ಕ್ರಮ ಇಡಬೇಕೆಂದ ಮೇಲೆ ಯಾರೋ ಒಬ್ಬರು ನಿಲ್ಲಲೇಬೇಕು: ಗಾಡಿಯೋ, ಗೇಟಿನಲ್ಲಿರುವ ಎತ್ತಿನ ಬಂಡಿಯೋ, ಪಾಯಿಂಟ್ ತಿರುಗಿಸುವ ಕಾಂಟೆವಾಲಾನೋ. ನನಗೆ ಈ ಇತಿಹಾಸದ ಮುಖ್ಯ ಎಳೆ ಇದೇ ಎನ್ನಿಸಿದೆ, ಮತ್ತು ಅದರ ಅತಿ ಚಂದದ ಗಂಟು ಬಿದ್ದದ್ದರಲ್ಲಿ ಬೆಂಗಳೂರಿನ ಕೈಯೂ ಇದೆ.

ಸೀಕ್ವೆಂಟ್ ಎಂಬ ಅಮೆರಿಕದ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ 1993ರ ಹೊತ್ತಿಗೆ ಒಂದು ಉಪಾಯ ಮಾಡಿದ್ದರು. ಆ ಕಂಪನಿಯನ್ನು 1999ರಲ್ಲಿ ಐಬಿಎಂ ಕೊಂಡಿತು. ಆ ಉಪಾಯಕ್ಕೆ ಈಗಿನ ಹೆಸರು ರೀಡ್ ಕಾಪಿ ಅಪ್‌ಡೇಟ್, ಬಾಯಲ್ಲಿ ಆರ್‌ಸಿಯು. ಅದನ್ನು ಲಿನಕ್ಸಿಗೆ ತರುವ ಕೆಲಸದಲ್ಲಿ ಮೆಕೆನ್ನಿಯವರ ಜೊತೆಗಿದ್ದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ದೀಪಂಕರ್ ಸರ್ಮಾ ಮತ್ತು ಮನೀಷ್ ಸೋನಿ. 2001ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಇವರಿಬ್ಬರ ಹೆಸರೂ ಇದೆ. 2002ರ ಅಕ್ಟೋಬರ್‌ನಲ್ಲಿ, 2.5.43ನೇ ಕರ್ನೆಲ್‌ನಲ್ಲಿ, ಆರ್‌ಸಿಯು ಒಳಗೆ ಹೋಯಿತು. ಆ ವರ್ಷಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ಬೆಂಗಳೂರಿನ ಕಂಪ್ಯೂಟರ್ ಕೆಲಸ ಎಂದರೆ ಗಾಜಿನ ಕಟ್ಟಡ, ರಾತ್ರಿ ಪಾಳಿಯ ಕಾಲ್ ಸೆಂಟರ್, ಸಂಬಳದ ಸುದ್ದಿ. ಇವತ್ತು ಜಗತ್ತಿನ ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಓಡುತ್ತಿರುವ ಈ ಕೆಲಸದ ಬಗ್ಗೆ ನಾನು ಕಂಡ ಹಾಗೆ ಕನ್ನಡದಲ್ಲಿ ಒಂದು ಸಾಲೂ ಬರಲಿಲ್ಲ. ಗುಲ್ಬರ್ಗದ ಪಿಡಿಎ ಕಾಲೇಜಿನಿಂದ ಬಂದ ನಮ್ಮಂಥವರು ಅದನ್ನು ತಿಳಿದದ್ದು ಕೋಡ್ ಓದಿ.

ಫೈಲಿನ ಹೆಸರು ಹುಡುಕುವ ಕೆಲಸವನ್ನೇ ತೆಗೆದುಕೊಳ್ಳಿ. ಕರ್ನೆಲ್ ಹೆಸರುಗಳ ಒಂದು ದೊಡ್ಡ ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಓದುವವರು ಸಾವಿರ, ಬದಲಿಸುವವರು ಅಪರೂಪ. ಹಿಂದೆ ಇಡೀ ಪಟ್ಟಿಗೆ ಒಂದು ಬೀಗ. ಓದುವವರೂ ಸರದಿಯಲ್ಲಿ ನಿಲ್ಲಬೇಕು. ಎಂಟು, ಹದಿನಾರು ಪ್ರೊಸೆಸರಿನ ಯಂತ್ರ ತಂದರೂ ಎಲ್ಲವೂ ಒಂದೇ ಬೀಗದ ಮುಂದೆ. ಆರ್‌ಸಿಯುನಲ್ಲಿ ಓದುವವನು ಯಾರಿಗೂ ನಿಲ್ಲುವುದಿಲ್ಲ. ಬದಲಿಸುವವನು ಹೊಸ ನಮೂದನ್ನು ಪಕ್ಕದಲ್ಲಿ ಪೂರಾ ತಯಾರು ಮಾಡುತ್ತಾನೆ, ಒಂದು ಬರಹದ ಬ್ಯಾರಿಯರ್ ಹಾಕುತ್ತಾನೆ, ಆಮೇಲೆ ಪಟ್ಟಿಯ ಕೊಂಡಿಯನ್ನು ಹೊಸದರ ಕಡೆ ತಿರುಗಿಸುತ್ತಾನೆ. ಪಾಯಿಂಟ್ ಕೂತು ಬೀಗ ಬಿದ್ದ ಮೇಲೇ ಸಿಗ್ನಲ್. ಹಳೆಯ ನಮೂದನ್ನು ಮಾತ್ರ ಕೂಡಲೇ ಬಿಸಾಡುವಂತಿಲ್ಲ. ಕೊಂಡಿ ತಿರುಗುವ ಮೊದಲೇ ಒಳಗೆ ಹೋದ ಓದುಗ ಇನ್ನೂ ಅದರ ಮೇಲಿರಬಹುದು. ಹಾಗೆ ಒಳಗಿದ್ದವರೆಲ್ಲ ಹೊರಬಿದ್ದರು ಎಂದು ಖಾತ್ರಿಯಾಗುವವರೆಗೆ ಬದಲಿಸಿದವನು ಕಾಯಬೇಕು; ಆ ಕಾಯುವಿಕೆಗೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ. ಮೊದಲಿನ ಆರ್‌ಸಿಯುನಲ್ಲಿ ಆ ಖಾತ್ರಿ ಸಿಗುತ್ತಿದ್ದ ರೀತಿ ಸರಳ: ಪ್ರತಿ ಪ್ರೊಸೆಸರೂ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಒಮ್ಮೆ ಹೊರಳಿದೆ ಎಂದರೆ ಹಳೆಯ ಓದುಗರು ಯಾರೂ ಉಳಿದಿಲ್ಲ.

ಇದನ್ನೂ ಅಪ್ಪನಿಗೆ ಹೇಳಿದೆ. ಗಾಡಿ ಪಾಯಿಂಟಿನ ಮೇಲೆ ಹಾಯುತ್ತಿರುವಾಗ ಪಾಯಿಂಟ್ ಬಿಡಿಸಲು ಬರಬಾರದು, ಕಡೆಯ ಗಾಲಿ ದಾಟಿದ ಮೇಲೇ ಬಿಡುವಂತೆ ಲಾಕ್ ಇರುತ್ತದೆ ಎಂದು ಅವರು ನನಗೇ ತಿರುಗಿಸಿ ಹೇಳಿದರು. ಬರುತ್ತಿರುವ ಗಾಡಿಯ ಮುಖಕ್ಕೆ ಸಿಗ್ನಲ್ ಹಿಂದಕ್ಕೆ ಹಾಕಿದರೂ ಆ ದಾರಿ ತಕ್ಷಣ ಬಿಡುವುದಿಲ್ಲ, 120 ಸೆಕೆಂಡ್ ಓಡಬೇಕು. “ಗಾಡಿ ನಿಲ್ಲಬಾರದು, ಕಾಂಟೆವಾಲಾ ನಿಲ್ಲಲಿ. ಅಂವಗ ಪಗಾರ ಅದಕ್ಕ ಕೊಡ್ತಾರ.”

ಬೆಂಗಳೂರಿನ ಕಂಪನಿಯೊಂದರಲ್ಲಿ ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ನೆಟ್‌ವರ್ಕ್ ಡಬ್ಬಿ ಮಾಡುವವರು ಖರ್ಚು ಇಳಿಸಲು ಇಂಟೆಲ್ ಬೋರ್ಡ್ ಬಿಟ್ಟು ಆರ್ಮ್ ಬೋರ್ಡಿಗೆ ಬಂದರು. ವರ್ಷಗಟ್ಟಲೆ ಓಡಿದ್ದ ಡ್ರೈವರ್ ಕೋಡು. ಬರೆದವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದರು. ಹೊಸ ಬೋರ್ಡಿನಲ್ಲಿ ಲೋಡ್ ಹೆಚ್ಚಾದಾಗ ಅಪರೂಪಕ್ಕೊಂದು ಪ್ಯಾಕೆಟ್ ಹಳೆಯ ಮಾಹಿತಿ ಹೊತ್ತು ಹೊರಗೆ ಹೋಗುತ್ತಿತ್ತು. ನೋಡಲೆಂದು ಒಂದು ಪ್ರಿಂಟ್ ಸಾಲು ಸೇರಿಸಿದರೆ ಕಾಯಿಲೆ ಮಾಯ. ನೆಟ್‌ವರ್ಕ್ ಕಾರ್ಡಿಗೆ ಕೆಲಸ ಒಪ್ಪಿಸುವ ಜಾಗದಲ್ಲಿ ಕೋಡು ಮೊದಲು ವಿಳಾಸ ಮತ್ತು ಉದ್ದ ಬರೆಯುತ್ತಿತ್ತು, ಆಮೇಲೆ ‘ಇದು ಈಗ ನಿನ್ನದು’ ಎನ್ನುವ ಒಂದು ಬಿಟ್. ನಡುವೆ ಏನೂ ಇರಲಿಲ್ಲ. ಇಂಟೆಲ್ ಯಂತ್ರ ಬರಹಗಳನ್ನು ಸಾಲಾಗಿಯೇ ಬಿಡುತ್ತಿದ್ದುದರಿಂದ ಆ ತೂತು ಕಂಡಿರಲಿಲ್ಲ. ಆರ್ಮ್‌ನಲ್ಲಿ ಬಿಟ್ ಮೊದಲು ಮುಟ್ಟಿತು, ಕಾರ್ಡ್ ಅದನ್ನು ನಂಬಿ ಹಳೆಯ ವಿಳಾಸಕ್ಕೆ ಹೋಯಿತು. ಒಂದೇ ಸಾಲಿನ ಬ್ಯಾರಿಯರ್‌ನಲ್ಲಿ ರೋಗ ವಾಸಿಯಾಯಿತು. ಆ ಸಾಲಿನ ಮೇಲೆ ಯಾಕೆ, ಯಾವುದಕ್ಕಾಗಿ ಎಂದು ಟಿಪ್ಪಣಿ ಬರೆಯಲೇಬೇಕು ಎನ್ನುವುದು ಕರ್ನೆಲ್ ಶಿಸ್ತು. ಬರೆಯದಿದ್ದರೆ ಮುಂದಿನವನು ಇದು ದಂಡ ಎಂದು ತೆಗೆದುಹಾಕುತ್ತಾನೆ.

ಇಂಥದನ್ನು ಪರೀಕ್ಷೆ ಮಾಡುವುದು ಹೇಗೆ? ಅಪ್ಪನ ಚೀಲದಲ್ಲಿ 5 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ತುಂಡು ಇರುತ್ತಿತ್ತು. ಪಾಯಿಂಟಿನ ನಾಲಿಗೆಯ ತುದಿಯಿಂದ 150 ಮಿಲಿಮೀಟರ್ ಒಳಗೆ, ನಾಲಿಗೆ ಮತ್ತು ಹಳಿಯ ನಡುವೆ ಅದನ್ನಿಟ್ಟು ಪಾಯಿಂಟ್ ತಿರುಗಿಸಬೇಕು. ಆಗ ಬೀಗ ಬೀಳಬಾರದು, ಸಿಗ್ನಲ್ ಬರಬಾರದು. ಬಂದರೆ ಆ ಪಾಯಿಂಟ್ ನಾಪಾಸು. ಎಲ್ಲ ಸರಿಯಿದ್ದಾಗ ಕೆಲಸ ಮಾಡುತ್ತದೆಯೇ ಎಂದು ನೋಡುವುದಲ್ಲ, ಬೇಕೆಂದೇ ಅಡ್ಡಿ ಇಟ್ಟು ಅದು ನಿರಾಕರಿಸುತ್ತದೆಯೇ ಎಂದು ನೋಡುವುದು. ಪ್ರೊಸೆಸರ್ ಲೋಕಕ್ಕೆ ಇದು ತಡವಾಗಿ ಬಂತು. ನಾಲ್ಕಾರು ಸಾಲಿನ ಪುಟ್ಟ ಪ್ರೋಗ್ರಾಮುಗಳು, ಹೆಸರು ಲಿಟ್ಮಸ್ ಪರೀಕ್ಷೆ. ಬಾವುಟ ಹೊಸದು, ಮಾಹಿತಿ ಹಳೆಯದು ಎಂಬ ಫಲ ಬರಬಲ್ಲದೇ ಇಲ್ಲವೇ ಎಂದು ಅವು ಕೇಳುತ್ತವೆ. ಜೇಡ್ ಆಲ್‌ಗ್ಲೇವ್, ಲುಕ್ ಮರಾಂಜೆ, ಮೆಕೆನ್ನಿ, ಆಂಡ್ರಿಯಾ ಪಾರ್ರಿ, ಆಲನ್ ಸ್ಟರ್ನ್ ಸೇರಿ ಲಿನಕ್ಸಿನ ಕ್ರಮದ ನಿಯಮಗಳನ್ನು ಯಂತ್ರವೇ ಓದಿ ಪರೀಕ್ಷಿಸುವ ರೂಪಕ್ಕೆ ಇಳಿಸಿದ್ದು 2018ರಲ್ಲಿ 4.17ನೇ ಕರ್ನೆಲ್ ಜೊತೆ ಬಂತು.

ಉಕ್ಕಿನ ಕಚ್ಚು ಇದ್ದ ಕಾಲವೇ ಚೆನ್ನ ಎಂದು ಹಾಡುವವನು ನಾನಲ್ಲ. ಬಿಸಿಲಿಗೆ ಸಿಗ್ನಲ್ ತಂತಿ ಹಿಗ್ಗಿ ಕೈಗೆ ಬಾರದೆ ಅಪ್ಪ ಮೇ ತಿಂಗಳ ಮಧ್ಯಾಹ್ನ ಹಳಿ ಪಕ್ಕ ನಡೆಯುತ್ತಿದ್ದುದನ್ನು ನೋಡಿದ್ದೇನೆ. ಲಿವರ್ ಹೋಗಿ ಗುಂಡಿಯ ಪ್ಯಾನೆಲ್, ರಿಲೇ ಬಂದವು; ರಿಲೇ ಜಾಗಕ್ಕೆ ಈಗ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಅಂದರೆ ಮತ್ತೆ ಪ್ರೊಸೆಸರ್. ಎರಡು ಅಥವಾ ಮೂರು ಪ್ರೊಸೆಸರ್ ಒಂದೇ ಲೆಕ್ಕ ಮಾಡಿ, ಉತ್ತರ ತಾಳೆಯಾದರೆ ಮಾತ್ರ ಸಿಗ್ನಲ್. ಕ್ರಮ ಮಾತ್ರ ತೊಟ್ಟಿಯಿಂದ ತಂತಿಗೆ, ತಂತಿಯಿಂದ ಕೋಡಿಗೆ ದಾಟಿತು. ದಾಟುವಾಗ ಕೆಡುತ್ತದೆ ಎನ್ನುವುದಕ್ಕೆ 2023ರ ಜೂನ್ 2ರ ಬಹನಾಗಾ ಬಜಾರ್ ಇದೆ. ಒಡಿಶಾದ ಆ ಸ್ಟೇಷನ್ನಿನಲ್ಲಿ ಪಾಯಿಂಟ್ ಲೂಪ್ ಲೈನಿಗೆ ತಿರುಗಿತ್ತು, ಸಿಗ್ನಲ್ ಮೇನ್ ಲೈನಿಗೆ ಹಸಿರು ತೋರಿಸಿತು. ಆ ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ಲೋಪ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಟಿವಿಯಲ್ಲಿ ಅದನ್ನು ನೋಡಿದ ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಆಲ್ಫಾದ ಕಥೆ ಉಳಿಯಿತು. ಅದೊಂದು ಯಂತ್ರದ ಸಲುವಾಗಿ ಕರ್ನೆಲ್‌ನ ಸಾಮಾನ್ಯ ಕೋಡಿನಲ್ಲಿ, ವಿಳಾಸ ಓದಿದ ಮೇಲೆ ಒಂದು ವಿಶೇಷ ಓದಿನ ಬ್ಯಾರಿಯರ್ ಹಾಕಬೇಕೆಂಬ ನಿಯಮ ವರ್ಷಾನುಗಟ್ಟಲೆ ಇತ್ತು. ಇಂಟೆಲ್‌ನಲ್ಲಿ, ಆರ್ಮ್‌ನಲ್ಲಿ, ಪವರ್‌ನಲ್ಲಿ ಅದು ಏನೂ ಮಾಡುವುದಿಲ್ಲ. ಆದರೂ ಹೊಸ ಹುಡುಗರೆಲ್ಲ ಅದನ್ನು ಕಲಿಯಬೇಕು, ಎಲ್ಲಿ ಬೇಕು ಎಲ್ಲಿ ಬೇಡ ಎಂದು ತಲೆ ಚಚ್ಚಿಕೊಳ್ಳಬೇಕು. ಆಲ್ಫಾ ಯಂತ್ರಗಳ ಮಾರಾಟ 2007ರಲ್ಲೇ ಮುಗಿದಿತ್ತು. 2020ರ ಅಕ್ಟೋಬರ್‌ನಲ್ಲಿ ಬಂದ 5.9ನೇ ಕರ್ನೆಲ್‌ನಲ್ಲಿ ವಿಲ್ ಡೀಕನ್ ಆ ಬ್ಯಾರಿಯರನ್ನು ಸಾಮಾನ್ಯ ಕೋಡಿನಿಂದ ಕಿತ್ತು ಆಲ್ಫಾದ ಸ್ವಂತ ಕಡತಕ್ಕೆ ತಳ್ಳಿದರು: ಅಲ್ಲಿ ಹಾಗೆ ಓದಿದಾಗಲೆಲ್ಲ, ಬೇಕಿರಲಿ ಬೇಡದಿರಲಿ, ಪೂರ್ಣ ಬ್ಯಾರಿಯರ್. ಉಳಿದ ಯಂತ್ರಗಳಿಗೆ ಇನ್ನು ಅದರ ಗೊಡವೆಯಿಲ್ಲ. ಅಪ್ಪ ಈ ಸಲವೂ ಕೇಳಿದರು, ಹಂಗಾದ್ರ ಕಾಯೋರು ಯಾರು ಎಂದು. ಆಲ್ಫಾ ಒಂದೇ ಎಂದೆ.